ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಕೊನೆಗೆ: ಹಳೇ ಪಿಕಪ್ ಓಡಿಸುವವರಿಗೆ 15 ಸೂತ್ರಗಳು

ಹತ್ತು-ಹದಿನೈದು ವರ್ಷ ದುಡಿದ ಬೊಲೆರೊ ಪಿಕಪ್, ಟಾಟಾ 207ರಂಥ ಗಾಡಿಗಳನ್ನೇ ನಂಬಿ ನಮ್ಮಲ್ಲಿ ಎಷ್ಟೋ ಸಂಸಾರಗಳು ನಡೆಯುತ್ತಿವೆ. ಕೋಲಾರದ ಮಂಡಿಗೆ ಟೊಮೆಟೊ ಹೊರುವುದೂ ಅವೇ, ಮಲೆನಾಡಿನ ತೋಟದಿಂದ ಅಡಿಕೆ ಇಳಿಸುವುದೂ ಅವೇ. ಎಂಜಿನ್ ಹೊಗೆ ಬಿಟ್ಟರೆ, ಕ್ಲಚ್ ಜಾರಿದರೆ ಮಾಲೀಕ ಅವತ್ತೇ ಗ್ಯಾರೇಜಿಗೆ ಓಡುತ್ತಾನೆ. ಸ್ಟೇರಿಂಗ್ ಸಡಿಲವಾದರೆ ಮಾತ್ರ ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾನೆ. ಅದು ದಿನಕ್ಕೆ ಕೂದಲೆಳೆಯಷ್ಟೇ ಹೆಚ್ಚುತ್ತಾ ಹೋಗುವುದರಿಂದ ಕೈ ತಾನಾಗಿ ಒಗ್ಗಿಕೊಳ್ಳುತ್ತದೆ. ಇನ್ಯಾರೋ ಒಮ್ಮೆ ಓಡಿಸಿ, 'ಏನಣ್ಣ ಇದು, ಗಾಡಿ ಮಾತೇ ಕೇಳ್ತಿಲ್ಲ' ಅಂದಾಗಲೇ ಎಚ್ಚರವಾಗುವುದು.

ಎಚ್ಚರವಾದ ಮೇಲೆ ಬಹಳ ಕಡೆ ಆಗುವ ಮೊದಲ ಕೆಲಸವೇ ತಪ್ಪು. ಬಾನೆಟ್ ಎತ್ತುತ್ತಾರೆ, ಸ್ಟೇರಿಂಗ್ ಬಾಕ್ಸಿನ ಮೇಲಿರುವ ಸ್ಕ್ರೂವನ್ನು ಅರ್ಧ ಸುತ್ತು ಬಿಗಿಮಾಡುತ್ತಾರೆ, 'ಸರಿಹೋಯ್ತು ನೋಡಿ' ಅನ್ನುತ್ತಾರೆ. ಎರಡು ನಿಮಿಷದ ಕೆಲಸ, ಖರ್ಚೂ ಇಲ್ಲ. ಆದರೆ ಸಡಿಲ ಬಾಕ್ಸಿನಲ್ಲಿ ಇರಲೇ ಇಲ್ಲ ಅಂದರೆ, ಚೆನ್ನಾಗಿದ್ದ ಬಾಕ್ಸೂ ಆ ಸ್ಕ್ರೂ ದೆಸೆಯಿಂದ ಹಾಳಾಗುತ್ತದೆ. ಟೈರಿನಿಂದ ಶುರುಮಾಡಿ ಒಂದೊಂದೇ ಜಾಯಿಂಟ್ ನೋಡುತ್ತಾ ಮೇಲೆ ಬನ್ನಿ. ಬಾಕ್ಸಿಗೆ ಕೈ ಹಾಕುವ ಸರದಿ ಎಲ್ಲಕ್ಕಿಂತ ಕೊನೆಗೆ ಬರಲಿ. ಕೆಳಗಿನ ಸೂತ್ರಗಳೆಲ್ಲ ಆ ಕ್ರಮದಲ್ಲೇ ಇವೆ. ಹೊಸ ಗಾಡಿಗಳ ರ್ಯಾಕ್ ಸ್ಟೇರಿಂಗಿನ ವಿಚಾರ ಬೇರೆ. ಇಲ್ಲಿ ಹೇಳುತ್ತಿರುವುದು ಬಾಕ್ಸ್ ಇರುವ ಹಳೇ ಗಾಡಿಗಳ ಬಗ್ಗೆ.

1. ಆಟ ಎಷ್ಟಿದೆ, ಮೊದಲು ಅಳೆಯಿರಿ

ಸಮತಟ್ಟಾದ ಜಾಗದಲ್ಲಿ ಚಕ್ರ ನೇರ ಮಾಡಿ ನಿಲ್ಲಿಸಿ. ಪವರ್ ಸ್ಟೇರಿಂಗ್ ಆದರೆ ಎಂಜಿನ್ ಚಾಲೂ ಇರಲಿ. ಸ್ಟೇರಿಂಗಿನ ಅಂಚಿಗೆ ಒಂದು ಚೂರು ಟೇಪ್ ಅಂಟಿಸಿ, ಅದರ ಎದುರಿಗೆ ಡ್ಯಾಶ್‌ಬೋರ್ಡಿನ ಮೇಲೆ ಸ್ಕೇಲ್ ಇಡಿ. ಎರಡೇ ಬೆರಳಲ್ಲಿ ಮೆಲ್ಲಗೆ ಎಡಕ್ಕೆ ತಿರುಗಿಸಿ. ಹೊರಗೆ ನಿಂತವರು 'ಟೈರ್ ಮಿಸುಕಿತು' ಅಂದ ಕೂಡಲೇ ನಿಲ್ಲಿಸಿ ಗುರುತು ಹಾಕಿ. ಬಲಕ್ಕೂ ಹಾಗೇ ಮಾಡಿ. ಎರಡು ಗುರುತಿನ ನಡುವಿನ ಅಂತರವೇ ನಿಮ್ಮ ಗಾಡಿಯ ಆಟ. ಅದನ್ನು ಬರೆದಿಟ್ಟುಕೊಳ್ಳಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಈ ಆಟ 30 ಡಿಗ್ರಿ ಮೀರುವಂತಿಲ್ಲ. 40 ಸೆಂ.ಮೀ. ಅಗಲದ ಸ್ಟೇರಿಂಗಿನ ಅಂಚಿನಲ್ಲಿ 30 ಡಿಗ್ರಿ ಅಂದರೆ ಸುಮಾರು ಹತ್ತೂವರೆ ಸೆಂ.ಮೀ. ಕಾನೂನು ಅಷ್ಟಕ್ಕೆ ಬಿಡಬಹುದು, ಘಾಟಿ ಬಿಡುವುದಿಲ್ಲ. ಹತ್ತು ಸೆಂ.ಮೀ. ಆಟ ಇಟ್ಟುಕೊಂಡು ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಲೋಡ್ ಇಳಿಸುವ ಸಾಹಸ ಯಾರಿಗೂ ಬೇಡ. ನನ್ನ ಲೆಕ್ಕ ಇಷ್ಟು: ಮೂರು ಸೆಂ.ಮೀ. ಒಳಗಿದ್ದರೆ ಹಳೇ ಗಾಡಿಗೆ ಪರವಾಗಿಲ್ಲ. ಐದು ದಾಟಿದರೆ ರಿಪೇರಿ ಆಗುವವರೆಗೆ ಬಾಡಿಗೆಗೆ ಕಳಿಸಬೇಡಿ.

2. ಯಾವ ಥರದ ಸಡಿಲ ಅಂತ ಹೆಸರಿಟ್ಟು ಹೇಳಿ

'ಸ್ಟೇರಿಂಗ್ ಲೂಸ್' ಅನ್ನುವ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ತೊಂದರೆಗಳಿರಬಹುದು. ಕೈ ತಿರುಗಿದರೂ ಚಕ್ರ ತಡವಾಗಿ ತಿರುಗಿದರೆ ಎಲ್ಲೋ ಜಾಯಿಂಟ್ ಸವೆದಿದೆ. ಸ್ಟೇರಿಂಗ್ ಬಿಗಿಯಾಗೇ ಇದ್ದು ಗಾಡಿ ರಸ್ತೆಯಲ್ಲಿ ಆಚೆ ಈಚೆ ಅಲೆದರೆ ಟೈರು, ಅಲೈನ್‌ಮೆಂಟ್, ಇಲ್ಲವೇ ಮುಂದಿನ ಆಕ್ಸಲ್ಲಿನ ಕೋನ ನೋಡಬೇಕು. ಒಂದೇ ಕಡೆಗೆ ಎಳೆಯುತ್ತಿದ್ದರೆ ಟೈರಿನ ಗಾಳಿ, ಇಲ್ಲವೇ ಹಿಡಿದುಕೊಂಡ ಬ್ರೇಕು. ಗುಂಡಿಗೆ ಬಿದ್ದ ಕೂಡಲೇ ಸ್ಟೇರಿಂಗ್ ಗಡಗಡ ನಡುಗಿ, ವೇಗ ಇಳಿಸಿದರೆ ಮಾತ್ರ ನಿಂತರೆ, ಅದು ವಾಬ್ಲಿಂಗ್. ಮುಂಭಾಗದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಸವೆತ ಇದೆ ಅಂತಲೇ ತಿಳಿಯಿರಿ. ಗ್ಯಾರೇಜಿಗೆ ಹೋದಾಗ ಇದರಲ್ಲಿ ಯಾವುದು ಅಂತ ಬಿಡಿಸಿ ಹೇಳಿದರೆ ಮೇಸ್ತ್ರಿಯ ಅರ್ಧ ಕೆಲಸ ಮುಗಿದ ಹಾಗೆ. ಯಾವ ವೇಗದಲ್ಲಿ, ಖಾಲಿ ಇದ್ದಾಗಲೋ ಲೋಡ್ ಇದ್ದಾಗಲೋ ಅನ್ನುವುದನ್ನೂ ಹೇಳಿ.

3. ಟೈರು ನೋಡದೆ ಸ್ಪ್ಯಾನರ್ ಮುಟ್ಟಬೇಡಿ

ಗಾಳಿ ಕಡಿಮೆಯಾದ ಟೈರಿನ ಗೋಡೆ ತಾನೇ ಬಳುಕುತ್ತದೆ. ಸ್ಟೇರಿಂಗ್ ತಿರುಗಿಸಿದರೆ ಮೊದಲು ಟೈರು ತಿರುಚಿಕೊಂಡು ಆಮೇಲೆ ಗಾಡಿ ತಿರುಗುತ್ತದೆ. ಬೆಳಿಗ್ಗೆ ಓಡಿಸುವ ಮುಂಚೆ, ಟೈರು ತಣ್ಣಗಿದ್ದಾಗ, ಗೇಜ್ ಇಟ್ಟು ಗಾಳಿ ನೋಡಿ. ಮುಂದಿನ ಎರಡೂ ಟೈರು ಒಂದೇ ಸೈಜು, ಒಂದೇ ನಮೂನೆ ಇರಲಿ. ಆಮೇಲೆ ಅಂಗೈಯಿಂದ ಟೈರಿನ ಮೈ ಸವರಿ. ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು, ಹೊರಗಿನಿಂದ ಒಳಕ್ಕೆ ಸವರಿದರೆ ಗರಗಸದ ಹಲ್ಲಿನಂತೆ ಚುಚ್ಚುವುದು, ಇಲ್ಲವೇ ಇದರ ತಿರುವುಮುರುವು ಆದರೆ, ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಅಳತೆ, ತಪ್ಪಿದೆ. ಅಲ್ಲಲ್ಲಿ ಹಳ್ಳ ಬಿದ್ದಂತೆ ಸವೆದಿದ್ದರೆ ಬೇರಿಂಗ್, ಶಾಕ್ ಅಬ್ಸಾರ್ಬರ್, ಚಕ್ರ ಎಡ-ಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್, ಈ ಮೂರರ ಮೇಲೂ ಅನುಮಾನ ಇಡಿ.

4. ಕೆಳಗೆ ಬಗ್ಗಿ ನಿಮ್ಮ ಗಾಡಿಯ ಜೋಡಣೆ ಓದಿಕೊಳ್ಳಿ

ಮುಂದೆ ಒಂದೇ ಉದ್ದದ ಆಕ್ಸಲ್, ಅದರ ಕೆಳಗೋ ಮೇಲೋ ಪ್ಲೇಟ್ ಸ್ಪ್ರಿಂಗ್ ಇದ್ದರೆ ಕೊಂಡಿಗಳ ಸಾಲು ಹೀಗಿರುತ್ತದೆ: ಸ್ಟೇರಿಂಗ್ ಬಾಕ್ಸ್, ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಒಂದು ಚಕ್ರದ ಸ್ಟೇರಿಂಗ್ ಆರ್ಮ್, ಅಲ್ಲಿಂದ ಇನ್ನೊಂದು ಚಕ್ರಕ್ಕೆ ಟೈ ರಾಡ್. ಎರಡೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಇದ್ದರೆ ನಡುವೆ ಒಂದು ಉದ್ದ ಕೊಂಡಿ, ಬಾಕ್ಸಿನ ಎದುರು ಬದಿಯಲ್ಲಿ ಐಡ್ಲರ್ ಆರ್ಮ್, ಎರಡೂ ಕಡೆ ಒಳಗೊಂದು ಹೊರಗೊಂದು ಟೈ ರಾಡ್ ಎಂಡ್, ಜೊತೆಗೆ ಮೇಲೆ ಕೆಳಗೆ ಬಾಲ್ ಜಾಯಿಂಟ್. ಎರಡನೆಯ ಬಗೆಯಲ್ಲಿ ಸವೆಯುವ ಜಾಗಗಳು ಜಾಸ್ತಿ, ಅದರಲ್ಲೂ ಐಡ್ಲರ್ ಆರ್ಮನ್ನು ಮರೆಯುವವರೇ ಹೆಚ್ಚು. ಎಷ್ಟು ಜಾಯಿಂಟ್ ಇವೆ ಅಂತ ಎಣಿಸಿ ಒಂದು ಹಾಳೆಯಲ್ಲಿ ಬರೆಯಿರಿ. ಪರೀಕ್ಷೆ ಮಾಡಿದ್ದಕ್ಕೆಲ್ಲ ಒಂದೊಂದು ಗುರುತು ಹಾಕುತ್ತಾ ಹೋಗಿ.

5. ಇಬ್ಬರು ಸೇರಿ ಹುಡುಕಿ. ಕಣ್ಣಿಗಿಂತ ಬೆರಳನ್ನು ನಂಬಿ

ಸ್ಟೇರಿಂಗಿನ ಆಟ ಹಿಡಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಚಕ್ರಗಳು ನೆಲದ ಮೇಲೇ ಇರಲಿ, ಗಾಡಿಯ ಭಾರ ಜಾಯಿಂಟುಗಳ ಮೇಲೆ ಬಿದ್ದಿರಲಿ. ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಎಂಜಿನ್ ಆಫ್ ಇರಲಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಗೇಣಿನಷ್ಟು ಮಾತ್ರ, ನಿಲ್ಲಿಸದೆ ಅಲ್ಲಾಡಿಸಲಿ. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಜಾಯಿಂಟನ್ನು ಅಂಗೈಯಲ್ಲಿ ಹಿಡಿಯಲಿ.

ಹಿಡಿಯುವುದರಲ್ಲೂ ಒಂದು ಕ್ರಮ ಇದೆ. ಹೆಬ್ಬೆರಳು ರಾಡಿನ ಮೇಲೆ, ತೋರುಬೆರಳು ಅದು ಸೇರುವ ಆರ್ಮಿನ ಮೇಲೆ ಬರುವಂತೆ ಜಾಯಿಂಟನ್ನು ಸುತ್ತಿ ಹಿಡಿಯಬೇಕು. ಎರಡೂ ಬೆರಳು ಒಟ್ಟಿಗೇ ಸರಿದರೆ ಆ ಜಾಯಿಂಟ್ ಗಟ್ಟಿ. ಒಂದು ಬೆರಳು ಮೊದಲು ಸರಿದು, ಒಂದು ಕ್ಷಣ ಬಿಟ್ಟು ಇನ್ನೊಂದು ಸರಿದರೆ, ನಡುವೆ ಬೆರಳಿಗೆ ಸಣ್ಣದೊಂದು 'ಟಕ್' ತಾಗಿದರೆ, ಕಳ್ಳ ಸಿಕ್ಕಿದ. ಬೆಳಕು ಹಾಕಿ ನೋಡಿದರೂ ಕಾಣದ ಸವೆತ ಹೀಗೆ ಬೆರಳಿಗೆ ಸಿಗುತ್ತದೆ. ಡ್ರಾಪ್ ಆರ್ಮಿನಿಂದ ಹಿಡಿದು ಎರಡೂ ಚಕ್ರದವರೆಗೆ ಒಂದನ್ನೂ ಬಿಡದೆ ನೋಡಿ. ಒಂದು ಸಿಕ್ಕ ಖುಷಿಯಲ್ಲಿ ಅಲ್ಲಿಗೇ ಎದ್ದುಬಿಡಬೇಡಿ, ಹಳೇ ಗಾಡಿಯಲ್ಲಿ ಒಂದೇ ಜಾಯಿಂಟ್ ಸವೆದಿರುವುದು ಅಪರೂಪ.

ಒಂದು ಎಚ್ಚರಿಕೆ. ಟೈ ರಾಡನ್ನು ಕೈಯಲ್ಲಿ ಹಿಡಿದು ತಿರುಚಿದರೆ ಅದು ತನ್ನ ಅಕ್ಷದ ಮೇಲೆ ಸ್ವಲ್ಪ ಹೊರಳುತ್ತದೆ. ಒಳಗಿರುವುದು ಗುಂಡು, ಅದು ಹೊರಳಲೇಬೇಕು. ಅದನ್ನೇ ತೋರಿಸಿ 'ಹೋಗಿದೆ ಸಾರ್' ಅನ್ನುವವರ ಮಾತಿಗೆ ಒಪ್ಪಬೇಡಿ. ಸ್ಟೇರಿಂಗ್ ಅಲ್ಲಾಡಿಸುವಾಗ ಅಡ್ಡಕ್ಕೆ ಸರಿಯುವುದಷ್ಟೇ ಸವೆತದ ಲೆಕ್ಕ.

6. ಜ್ಯಾಕ್ ಹಾಕಿದ ಮೇಲೆ ಬ್ರೇಕ್ ತುಳಿಸಿ ನೋಡಿ

ಮುಂದಿನ ಒಂದು ಚಕ್ರ ಎತ್ತಿ, ಜ್ಯಾಕ್ ಸ್ಟ್ಯಾಂಡ್ ಕೊಡಿ. ಹಾಲೋ ಬ್ಲಾಕ್ ಇಟ್ಟು ಅದರ ಕೆಳಗೆ ತಲೆ ಹಾಕಬೇಡಿ. ಅದು ಸೂಚನೆ ಕೊಡದೆ ಪುಡಿಯಾಗುತ್ತದೆ. ಟೈರನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ಆಡಿಸಿ. ಆಟ ಸಿಕ್ಕಿದರೆ ಅದು ವೀಲ್ ಬೇರಿಂಗ್ ಇರಬಹುದು, ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್ ಇರಬಹುದು. ಯಾವುದು ಅಂತ ಗೊತ್ತಾಗಬೇಕಾದರೆ ಒಳಗಿದ್ದವರಿಗೆ ಬ್ರೇಕ್ ಗಟ್ಟಿಯಾಗಿ ತುಳಿಯಲು ಹೇಳಿ, ಮತ್ತೆ ಆಡಿಸಿ. ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್. ಬ್ರೇಕ್ ಹಿಡಿದಾಗ ಹಬ್ಬೂ ಅದನ್ನು ಹೊತ್ತ ಸ್ಟೇರಿಂಗ್ ನಕಲ್ಲೂ ಒಂದಾಗಿಬಿಡುವುದರಿಂದ ಬೇರಿಂಗಿನ ಸಡಿಲ ಮುಚ್ಚಿಹೋಗುತ್ತದೆ, ಅದರಾಚೆಯ ಸಡಿಲ ಮುಚ್ಚುವುದಿಲ್ಲ. ಈ ಒಂದು ಪರೀಕ್ಷೆ ಗೊತ್ತಿದ್ದರೆ ಬೇರಿಂಗ್ ಹೋದದ್ದಕ್ಕೆ ಕಿಂಗ್ ಪಿನ್ ಬಿಚ್ಚಿಸಿ ದುಡ್ಡು ಕಳೆದುಕೊಳ್ಳುವುದು ತಪ್ಪುತ್ತದೆ.

3 ಮತ್ತು 9ರ ಜಾಗದಲ್ಲಿ ಹಿಡಿದು ಆಡಿಸಿದಾಗ ಮಾತ್ರ ಆಟ ಸಿಕ್ಕಿದರೆ ಟೈ ರಾಡ್ ಕಡೆಗೆ ನೋಡಿ. ಬಾಲ್ ಜಾಯಿಂಟ್ ಇರುವ ಗಾಡಿಯಲ್ಲಿ ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಕೆಳಗಿನ ಆರ್ಮಿಗೆ ಕೂತಿದ್ದರೆ ಜ್ಯಾಕ್ ಕೂಡ ಆ ಆರ್ಮಿನ ಕೆಳಗೇ ಇರಲಿ. ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡ ಜಾಯಿಂಟನ್ನು ಬಿಗಿಹಿಡಿದು ಸವೆತ ಮುಚ್ಚಿಡುತ್ತದೆ.

7. ಬೇರಿಂಗ್ ಬಿಗಿ: ತಿರುಗಿಸುತ್ತಾ ಕಟ್ಟಿ, ಬಿಟ್ಟು, ಮತ್ತೆ ಕೈಯಲ್ಲಿ

ಹಳೇ ಗಾಡಿಗಳ ಮುಂದಿನ ಹಬ್ಬಿನಲ್ಲಿ ಇರುವುದು ಟೇಪರ್ ರೋಲರ್ ಬೇರಿಂಗ್. ಚಕ್ರ ತಿರುಗಿಸುತ್ತಲೇ ನಟ್ ಬಿಗಿಮಾಡಿ ರೋಲರುಗಳು ಜಾಗದಲ್ಲಿ ಕೂರುವಂತೆ ಮಾಡಿ. ಆಮೇಲೆ ನಟ್ ಸಡಿಲ ಬಿಟ್ಟು, ಮತ್ತೆ ಬೆರಳಿನ ಬಲದಲ್ಲಷ್ಟೇ ಕೂರಿಸಿ, ರಂಧ್ರ ಹೊಂದಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಸಡಿಲ ಹೋಗಲಿ ಅಂತ ಸ್ಪ್ಯಾನರಿನಲ್ಲಿ ಕಚ್ಚಿಸಿಬಿಟ್ಟರೆ ಬೇರಿಂಗ್ ಕಾದು ಸುಟ್ಟುಹೋಗುತ್ತದೆ. ರೋಲರಿನ ಮೈ ನೀಲಿಗಟ್ಟಿದ್ದರೆ, ಚುಕ್ಕೆ ಚುಕ್ಕೆ ತಿಂದಿದ್ದರೆ ಬಿಗಿ ಮಾಡಿ ಪ್ರಯೋಜನ ಇಲ್ಲ. ಕಪ್ ಸಮೇತ ಬದಲಿಸಿ, ಹೊಸ ಸೀಲ್ ಹಾಕಿ.

8. ಟೈ ರಾಡ್ ಎಂಡ್ ಬಿಚ್ಚುವ ಮುಂಚೆ ಅಳತೆ ತೆಗೆಯಿರಿ

ಟೋ ಅಳತೆ ನಿಂತಿರುವುದೇ ಎಂಡ್ ಎಷ್ಟು ಒಳಗೆ ಕೂತಿದೆ ಅನ್ನುವುದರ ಮೇಲೆ. ಅದನ್ನು ಕಳೆದುಕೊಂಡರೆ ಅಲೈನ್‌ಮೆಂಟ್ ಅಂಗಡಿಗೆ ಹೋಗುವಷ್ಟರಲ್ಲೇ ಟೈರು ತಿಂದುಹೋದೀತು. ಆದ್ದರಿಂದ ಬಿಚ್ಚುವ ಮೊದಲೇ ಎರಡೂ ಎಂಡುಗಳ ಗ್ರೀಸ್ ಕಪ್ಪಿನ ನಡುವಿನಿಂದ ನಡುವಿಗೆ ಟೇಪ್ ಹಿಡಿದು ಬರೆದುಕೊಳ್ಳಿ. ಎಷ್ಟು ಸುತ್ತಿಗೆ ಹೊರಬಂತು ಅಂತಲೂ ಎಣಿಸಿ. ಟೈ ರಾಡಿನ ಒಂದು ತುದಿಗೆ ಎಡ ಮರೆ (ಲೆಫ್ಟ್ ಥ್ರೆಡ್) ಇರುತ್ತದೆ. ಬರುತ್ತಿಲ್ಲ ಅಂತ ಪೈಪ್ ಹಾಕಿ ಎಳೆಯುವ ಮೊದಲು ಯಾವ ಕಡೆ ತಿರುಗಿಸುತ್ತಿದ್ದೀರಿ ಅಂತ ಯೋಚಿಸಿ.

ಟೇಪರ್ ಕಚ್ಚಿಕೊಂಡಿದ್ದರೆ ನಟ್ಟನ್ನು ತುದಿಯವರೆಗೆ ಸಡಿಲಿಸಿ, ಪೂರ್ತಿ ತೆಗೆಯದೆ ಬಿಡಿ. ಆರ್ಮಿನ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಆನಿಸಿ, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಎರಡೇಟು ಕೊಟ್ಟರೆ ಬಿಡುತ್ತದೆ. ಮರೆಯ ತುದಿಗೆ ಹೊಡೆದರೆ ಅಲ್ಲೇ ಅಣಬೆಯಂತೆ ಅರಳಿ ನಟ್ ಹೊರಬರದೆ ಉಳಿಯುತ್ತದೆ. ಹೊಸದನ್ನು ಕೂರಿಸುವಾಗ ಟೇಪರ್ ಎರಡೂ ಒರೆಸಿ, ಎಣ್ಣೆ ಗ್ರೀಸ್ ಇಲ್ಲದೆ ಒಣಗಿಸಿ. ನಟ್ ಬಿಗಿಮಾಡಿದ ಮೇಲೆ ಸ್ಪ್ಲಿಟ್ ಪಿನ್ನಿನ ರಂಧ್ರ ಹೊಂದಲಿಲ್ಲ ಅಂದರೆ ಇನ್ನೂ ಸ್ವಲ್ಪ ಬಿಗಿ ಮಾಡಿ ಹೊಂದಿಸಬೇಕು, ಸಡಿಲಿಸಿ ಎಂದೂ ಹೊಂದಿಸಬಾರದು. ಒಂದು ಕಡೆಯದು ಹೋಗಿದ್ದರೆ ಇನ್ನೊಂದೂ ಅಷ್ಟೇ ಕಿಲೋಮೀಟರ್ ಓಡಿದೆ, ಜೋಡಿ ಬದಲಿಸಿ.

ಹಳೇ ಮಹೀಂದ್ರ ಜೀಪಿನ ವಂಶದ ಗಾಡಿಗಳ ಡ್ರ್ಯಾಗ್ ಲಿಂಕಿನಲ್ಲಿ ಗುಂಡು, ಕಪ್, ಸ್ಪ್ರಿಂಗ್, ತುದಿಗೊಂದು ಪ್ಲಗ್ ಇರುವ ಜೋಡಣೆ ಸಿಗಬಹುದು. ಅಲ್ಲಿ ಪ್ಲಗ್ ಬಿಗಿಮಾಡಿ, ಸ್ವಲ್ಪ ಹಿಂದಕ್ಕೆ ಬಿಟ್ಟು ಪಿನ್ ಹಾಕಿದರೆ ಆಟ ಹೋಗುತ್ತದೆ. ಗುಂಡು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಎಷ್ಟು ಬಿಗಿದರೂ ಅಷ್ಟೇ.

9. ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವುದು ಚಕ್ರ ಎತ್ತಿ

ನೆಲದ ಮೇಲೆ ನಿಂತ ಗಾಡಿಯ ಕಿಂಗ್ ಪಿನ್ನಿಗೆ ಗ್ರೀಸ್ ಗನ್ ಹಿಡಿದರೆ, ಭಾರ ಬಿದ್ದ ಕಡೆಗೆ ಗ್ರೀಸ್ ಹೋಗುವುದೇ ಇಲ್ಲ, ಸುಲಭದ ದಾರಿ ಹಿಡಿದು ಹೊರಬರುತ್ತದೆ. ಚಕ್ರ ಎತ್ತಿ, ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಗ್ರೀಸ್ ಕೊಡಿ. ಮೇಲಿನ ಕೆಳಗಿನ ಎರಡೂ ಬುಷ್‌ಗಳ ಅಂಚಿನಲ್ಲಿ ಕೊಳಕು ಹೋಗಿ ಹೊಸ ಗ್ರೀಸ್ ಇಣುಕಿದಾಗ ಸಾಕು. ನಿಪ್ಪಲ್ ಮುಚ್ಚಿಹೋಗಿದ್ದರೆ ಬದಲಿಸಿ. ಚಿಕ್ಕ ನಿಪ್ಪಲ್ ಒಂದರ ಉದಾಸೀನಕ್ಕೆ ಇಡೀ ಸೆಟ್ ಬಲಿಯಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಸವೆದೇಹೋಗಿದ್ದರೆ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಹೊಸ ಬುಷ್ ಪ್ರೆಸ್ ಮಾಡಿ, ಪಿನ್ನಿನ ಅಳತೆಗೆ ರೀಮರ್ ಹಾಯಿಸಿ, ಥ್ರಸ್ಟ್ ಬೇರಿಂಗ್ ಜೊತೆಗೆ ಶಿಮ್ ಹಾಕಿ ಮೇಲೆ ಕೆಳಗಿನ ಆಟ ಸರಿಮಾಡುವ ಲೇತ್ ಅಂಗಡಿಗೇ ಹೋಗಿ. ರೀಮರ್ ಬದಲು ಎಮರಿ ಪೇಪರ್ ಸುತ್ತಿ ಉಜ್ಜುವವರಿದ್ದರೆ ಗಾಡಿ ವಾಪಸ್ ತನ್ನಿ.

10. ಯು ಬೋಲ್ಟ್, ಶ್ಯಾಕಲ್, ಬುಷ್: ಸ್ಟೇರಿಂಗಿನ ದೂರು ಇಲ್ಲಿಂದಲೂ ಬರುತ್ತದೆ

ಆಕ್ಸಲ್ಲೇ ಸ್ಪ್ರಿಂಗಿನ ಮೇಲೆ ಸರಿದಾಡುತ್ತಿದ್ದರೆ ಜಾಯಿಂಟುಗಳು ಎಷ್ಟು ಹೊಸದಾಗಿದ್ದರೂ ಗಾಡಿ ನೇರ ಹೋಗದು. ಸ್ಪ್ರಿಂಗ್ ಕಣ್ಣಿನ ಬುಷ್, ಶ್ಯಾಕಲ್ ಪಿನ್, ಯು ಬೋಲ್ಟಿನ ಬಿಗಿ ನೋಡಿ. ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಬದಿ ಹಿಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡಕ್ಕೂ ಬಲಕ್ಕೂ ಟೇಪ್ ಹಿಡಿದರೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೇ ಬರುವುದಿಲ್ಲ. ಕೆಲವು ಗಾಡಿಗಳಲ್ಲಿ ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಬೆಣೆಯಂಥ ಒಂದು ಇಳಿಜಾರು ತುಂಡು ಇರುತ್ತದೆ. ಚಕ್ರ ತಿರುವಿನಿಂದ ತಾನಾಗಿ ನೇರಕ್ಕೆ ಬರುವಂತೆ ಮಾಡುವ ಕ್ಯಾಸ್ಟರ್ ಕೋನ ಅದರಿಂದಲೇ ಬರುತ್ತದೆ. ಸ್ಪ್ರಿಂಗ್ ಕೆಲಸ ಮಾಡುವಾಗ ಆ ತುಂಡನ್ನು ತಿರುವುಮುರುವಾಗಿ ಕೂರಿಸಿದರೆ, ಇಲ್ಲವೇ ಬಿಟ್ಟೇಬಿಟ್ಟರೆ, ಗಾಡಿ ಅವತ್ತಿನಿಂದಲೇ ಅಲೆಯತೊಡಗುತ್ತದೆ. ಹಿಂದೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿ ಎತ್ತರಿಸಿದ ಗಾಡಿ, ಖಾಲಿ ಓಡುವಾಗ ಮೂತಿ ತಗ್ಗಿಸಿ ನಿಲ್ಲುವುದರಿಂದ ಈ ಕೋನ ಕಡಿಮೆಯಾಗಿ ತೇಲಿದಂತಾಗುವುದೂ ಉಂಟು. ಆ ಗಾಡಿಯ ಟೈ ರಾಡ್ ಬದಲಿಸಿ ಏನೂ ಸಿಗುವುದಿಲ್ಲ.

11. ಬಾಕ್ಸ್ ಕೂತಿರುವ ಚಾಸಿಸ್ ತೊಳೆದು ನೋಡಿ

ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಜಾಗ ಇದು. ಬಾಕ್ಸನ್ನು ಚಾಸಿಸ್ಸಿಗೆ ಕಟ್ಟಿದ ಬೋಲ್ಟುಗಳ ಸುತ್ತ ಎಣ್ಣೆ, ಮಣ್ಣು ಸೇರಿ ಗಟ್ಟಿ ಪದರ ಕೂತಿರುತ್ತದೆ. ಅದನ್ನು ಕೆರೆದು, ಡೀಸೆಲ್ಲಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಈಗ ಸ್ಟೇರಿಂಗ್ ಅಲ್ಲಾಡಿಸಲು ಹೇಳಿ ಟಾರ್ಚ್ ಬಿಡಿ. ಬಾಕ್ಸ್ ಚಾಸಿಸ್ಸಿನ ಮೇಲೆ ಕಿಂಚಿತ್ತೂ ಸರಿಯಕೂಡದು. ಬೋಲ್ಟಿನ ತಲೆಯ ಸುತ್ತ ಕೆಂಪು ಪುಡಿ ಕಂಡರೆ, ವಾಷರ್ ಕೆಳಗೆ ಉಜ್ಜಿ ಹೊಳೆಯುವ ಉಂಗುರ ಕಂಡರೆ ಬೋಲ್ಟ್ ಸಡಿಲ. ರಂಧ್ರದಿಂದ ಹೊರಟ ಕೂದಲಿನಂಥ ಕಪ್ಪು ಗೆರೆ, ಅಲ್ಲಾಡಿಸುವಾಗ ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಬಿರುಕು. ಆ ಗಾಡಿ ಅಲ್ಲಿಂದ ತಾನಾಗಿ ಓಡಬಾರದು, ಎಳೆದೊಯ್ಯಬೇಕು. ಬಾಕ್ಸ್ ಇಳಿಸಿ, ಬಿರುಕಿನ ತುದಿಗೆ ರಂಧ್ರ ಕೊರೆದು, ಚಾಸಿಸ್ ಕೆಲಸ ಬಲ್ಲವರಿಂದ ವೆಲ್ಡಿಂಗ್ ಮಾಡಿಸಿ ಬೆನ್ನಿಗೆ ಪ್ಲೇಟ್ ಕೊಡಿಸಿ.

12. ಕಾಲಮ್ಮಿನ ಕ್ರಾಸ್, ರಬ್ಬರ್ ಕಪ್ಲಿಂಗ್

ಬಾಕ್ಸಿಗೆ ಒಳಹೋಗುವ ಶಾಫ್ಟನ್ನು ಒಂದು ಕೈಯಲ್ಲಿ, ಕಾಲಮ್ಮಿನ ಶಾಫ್ಟನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಸ್ಟೇರಿಂಗ್ ಅಲ್ಲಾಡಿಸಿದಾಗ ಒಂದು ತಿರುಗಿ ಇನ್ನೊಂದು ತಡವಾದರೆ ನಡುವಿನ ಯೂನಿವರ್ಸಲ್ ಕ್ರಾಸ್ ಅಥವಾ ರಬ್ಬರ್ ಕಪ್ಲಿಂಗ್ ಹೋಗಿದೆ. ಎಷ್ಟೋ ಸಲ ಶಾಫ್ಟಿನ ಹಲ್ಲಿನ ಮೇಲೆ ಜಾಯಿಂಟನ್ನು ಬಿಗಿಹಿಡಿಯುವ ಬೋಲ್ಟ್ ಒಂದು ಸಡಿಲವಾಗಿರುತ್ತದೆ, ಅಷ್ಟೇ.

13. ಈಗ, ಈಗ ಮಾತ್ರ, ಬಾಕ್ಸಿನ ಸ್ಕ್ರೂ

ಇಷ್ಟೆಲ್ಲ ಗಟ್ಟಿ ಇದ್ದು, ಬಾಕ್ಸಿಗೆ ಒಳಹೋಗುವ ಶಾಫ್ಟ್ ತಿರುಗಿದರೂ ಡ್ರಾಪ್ ಆರ್ಮ್ ತಡವಾಗಿ ಅಲುಗಿದರೆ ಬಾಕ್ಸಿನೊಳಗೇ ಆಟ ಇದೆ. ಮೊದಲು ಎಣ್ಣೆ ನೋಡಿ. ಕೈ ಸ್ಟೇರಿಂಗಿನ ಬಾಕ್ಸಿಗೆ ಸಾಮಾನ್ಯವಾಗಿ 90ರ ಗೇರ್ ಆಯಿಲ್. ಪವರ್ ಸ್ಟೇರಿಂಗ್ ಇದ್ದರೆ ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಿ. ಡ್ರಾಪ್ ಆರ್ಮ್ ಹಿಡಿದು ಅಡ್ಡಕ್ಕೆ ಎಳೆದಾಗ ಶಾಫ್ಟೇ ಅಲುಗಿ ಸೀಲಿನಿಂದ ಎಣ್ಣೆ ಒಸರಿದರೆ ಒಳಗಿನ ಬುಷ್ ಹೋಗಿದೆ. ಅದಕ್ಕೆ ಸ್ಕ್ರೂ ಮದ್ದಲ್ಲ, ಬಾಕ್ಸ್ ಬಿಚ್ಚಲೇಬೇಕು.

ಆ ಸ್ಕ್ರೂ ಏನು ಮಾಡುತ್ತದೆ ಅಂತ ತಿಳಿದರೆ ಅದನ್ನು ಬೇಕಾಬಿಟ್ಟಿ ತಿರುಗಿಸಲು ಕೈ ಬರುವುದಿಲ್ಲ. ಬಾಕ್ಸಿನೊಳಗಿನ ಹಲ್ಲುಗಳು ಸ್ಟೇರಿಂಗ್ ನೇರ ಇರುವಾಗ ಅತಿ ಬಿಗಿಯಾಗಿ, ಎಡ-ಬಲದ ಕೊನೆಗೆ ಹೋದಾಗ ಸ್ವಲ್ಪ ಸಡಿಲವಾಗಿ ಕೂರುವಂತೆ ಮಾಡಿರುತ್ತಾರೆ. ಗಾಡಿ ಬಹುಪಾಲು ನೇರ ಓಡುವುದರಿಂದ ಸವೆಯುವುದೂ ನಡುವಿನ ಹಲ್ಲೇ. ಆ ನಡುವಿನ ಆಟ ಹೋಗುವಷ್ಟು ಸ್ಕ್ರೂ ಬಿಗಿದರೆ, ಸವೆಯದೆ ಉಳಿದ ಬದಿಯ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ತಿರುವಿನಲ್ಲಿ ಸ್ಟೇರಿಂಗ್ ವಾಪಸ್ ಬರದೆ ನಿಲ್ಲುತ್ತದೆ. ಸಡಿಲ ಸ್ಟೇರಿಂಗಿಗಿಂತ ಅದು ಹೆಚ್ಚು ಅಪಾಯ.

ಕ್ರಮ ಹೀಗೆ. ಡ್ರ್ಯಾಗ್ ಲಿಂಕ್ ಕಳಚಿ ಅಥವಾ ಮುಂದಿನ ಚಕ್ರ ಎರಡೂ ಎತ್ತಿ. ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಿ, ಸರಿಯಾಗಿ ಅರ್ಧಕ್ಕೆ ತನ್ನಿ. ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಸುತ್ತಿನ ಎಂಟನೇ ಒಂದು ಭಾಗ ಮಾತ್ರ ಬಿಗಿಮಾಡಿ, ಲಾಕ್ ನಟ್ ಕಟ್ಟಿ. ಮತ್ತೆ ಎರಡೂ ಕೊನೆಗೆ ತಿರುಗಿಸಿ ನೋಡಿ. ಎಲ್ಲಿಯೂ ಹಿಡಿಯಬಾರದು. ಹಿಡಿದರೆ ಹಿಂದಕ್ಕೆ ಬಿಡಿ. ಹೀಗೆ ಎರಡು ಸಲ ಬಿಗಿದರೂ ಆಟ ಹೋಗದಿದ್ದರೆ ಸ್ಕ್ರೂ ಬಿಟ್ಟು ಬಾಕ್ಸ್ ಓವರ್‌ಹಾಲಿಗೆ ಕೊಡಿ.

ಇಲ್ಲೇ ಇನ್ನೊಂದನ್ನು ನೋಡಿಕೊಳ್ಳಿ. ಸುತ್ತಿನ ಅರ್ಧಕ್ಕೆ ಬಾಕ್ಸ್ ತಂದಾಗ ಚಕ್ರಗಳು ನೇರ ನಿಲ್ಲಬೇಕು. ಯಾರೋ ಹಿಂದೊಮ್ಮೆ ಡ್ರ್ಯಾಗ್ ಲಿಂಕ್ ಬದಲಿಸಿ, ಸೊಟ್ಟಗಾದ ಸ್ಟೇರಿಂಗನ್ನು ಕಳಚಿ ನೇರ ಕೂರಿಸಿ ಕೈತೊಳೆದುಕೊಂಡಿದ್ದರೆ, ಗಾಡಿ ನೇರ ಓಡುವಾಗ ಬಾಕ್ಸ್ ತನ್ನ ಬಿಗಿ ಜಾಗದಲ್ಲಿ ಇರುವುದೇ ಇಲ್ಲ. ಬಾಕ್ಸ್ ಹೊಸದಾಗಿದ್ದರೂ ನೇರ ದಾರಿಯಲ್ಲಿ ಆಟ ಇದ್ದೇ ಇರುತ್ತದೆ. ಬಾಕ್ಸನ್ನು ನಡುವಿಗೆ ತಂದು, ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ ಚಕ್ರ ನೇರ ಮಾಡಿದರೆ ಒಂದು ಪೈಸೆ ಬಿಡಿಭಾಗ ಇಲ್ಲದೆ ಈ ದೋಷ ಹೋಗುತ್ತದೆ.

14. ಬಿಡಿಭಾಗದಲ್ಲಿ ಉಳಿತಾಯ ಬೇಡ, ರಬ್ಬರ್ ಟೋಪಿಯಲ್ಲಂತೂ ಬೇಡವೇ ಬೇಡ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದೇ ಟೈ ರಾಡ್ ಎಂಡಿಗೆ ಮೂರು ದರ ಹೇಳುತ್ತಾರೆ. ಹಳೆಯದನ್ನು ಜೊತೆಗೆ ಒಯ್ದು ಟೇಪರ್, ಮರೆ, ಉದ್ದ ತಾಳೆ ನೋಡಿ ಕೊಳ್ಳಿ. ಹೊಸದನ್ನು ಕೈಯಲ್ಲಿ ಹಿಡಿದು ಗುಂಡನ್ನು ತಿರುಗಿಸಿ; ಬಿಗಿಯಾಗಿ, ಒಂದೇ ಸಮನಾಗಿ ಹೊರಳಬೇಕು. ಗುಜರಿಯಲ್ಲಿ ಬಾಗಿಲು, ಬಂಪರ್ ಕೊಳ್ಳಿ, ಸ್ಟೇರಿಂಗಿನ ಜಾಯಿಂಟ್ ಮಾತ್ರ ಕೊಳ್ಳಬೇಡಿ. ಮೊದಲೇ ಹೇಳಿದ 98ನೇ ನಿಯಮ ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಲೇಬೇಕು, ಬೋಲ್ಟ್-ಪಿನ್ನುಗಳು ಸರಿಯಾಗಿ ಲಾಕ್ ಆಗಿರಲೇಬೇಕು ಅನ್ನುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕಲ್ಲ, ಆಗ ಇದನ್ನು ನೋಡುತ್ತಾರೆ. ಟೋಪಿ ಹರಿದ ಜಾಯಿಂಟಿಗೆ ಒಂದು ಮಳೆಗಾಲದ ಕೆಸರು ಸಾಕು. ಬಳಸಿದ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕಬೇಡಿ, ಪಿನ್ ಇಲ್ಲದ ಕಡೆ ಮೊಳೆ ತೂರಿಸಲೂ ಬೇಡಿ.

15. ಅಲೈನ್‌ಮೆಂಟ್ ಕೊನೆಗೆ, ಪರೀಕ್ಷೆ ಲೋಡ್ ಹಾಕಿ

ಸಡಿಲ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ. ಮಷಿನ್ ತೋರಿಸಿದ ಅಳತೆ ಮೊದಲ ಗುಂಡಿಗೇ ಬದಲಾಗುತ್ತದೆ. ರಿಪೇರಿ ಎಲ್ಲ ಮುಗಿದ ಮೇಲೆ ಮಾಡಿಸಿ, ಅಳತೆಯ ಚೀಟಿ ಕೇಳಿ ಇಸಕೊಳ್ಳಿ. ನಿಮ್ಮ ಗಾಡಿಯ ಟೋ ಎಷ್ಟು ಅನ್ನುವುದು ಕಂಪನಿ ಪುಸ್ತಕದಲ್ಲಿರುತ್ತದೆ. ಊರಲ್ಲಿ ಮಷಿನ್ ಇಲ್ಲದಿದ್ದರೆ ತಾತ್ಕಾಲಿಕವಾಗಿ ಹೀಗೆ ಮಾಡಿ: ಮುಂದಿನ ಎರಡೂ ಟೈರುಗಳ ಮೈಯ ನಟ್ಟನಡುವೆ ಒಂದೊಂದು ಸೀಮೆಸುಣ್ಣದ ಗೆರೆ ಎಳೆದು, ಆಕ್ಸಲ್ ಎತ್ತರದಲ್ಲಿ ಮುಂದಿನ ಅಂತರ ಅಳೆಯಿರಿ. ಅದೇ ಗೆರೆಗಳು ಹಿಂಬದಿಗೆ ಬರುವಂತೆ ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ, ಹಿಂದಿನ ಅಂತರ ಅಳೆಯಿರಿ. ಎರಡರ ವ್ಯತ್ಯಾಸವೇ ಟೋ.

ಆಮೇಲೆ ಖಾಲಿ ಗಾಡಿಯಲ್ಲಿ ಊರೊಳಗೆ ನಿಧಾನ ಸುತ್ತಿ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತದೆಯೇ ನೋಡಿ. ಸರಿಯಿದ್ದರೆ ದಿನ ಹೊರುವಷ್ಟೇ ಲೋಡ್ ಹಾಕಿ ಹೈವೇಗೆ ತನ್ನಿ. ಹಿಂದೆ ಭಾರ ಬಿದ್ದಾಗ ಮುಂದಿನ ಚಕ್ರ ಹಗುರಾಗಿ, ಖಾಲಿಯಲ್ಲಿ ಕಾಣದ ದೋಷ ಆಗ ಕಾಣುತ್ತದೆ. ಮೊದಲ ಬಾಡಿಗೆ ಮುಗಿಸಿ ಬಂದ ಸಂಜೆ ಯು ಬೋಲ್ಟ್, ಬಾಕ್ಸಿನ ಬೋಲ್ಟ್, ಟೈ ರಾಡ್ ಕ್ಲಾಂಪುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಸ್ಟೇರಿಂಗಿನ ಆಟವನ್ನೂ ಮತ್ತೆ ಅಳೆದು, ಹಳೇ ಅಳತೆಯ ಪಕ್ಕದಲ್ಲಿ ತಾರೀಖು ಸಮೇತ ಬರೆಯಿರಿ.